ಗೇರ್ ಬೀಳದಿದ್ದರೆ ಮೊದಲು ಇಂಜಿನ್ನಿನ ಹೊರಗೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿಯಿಂದ ಕುಮಟಾಕ್ಕೆ ಬೈಕಿನಲ್ಲಿ ಇಳಿದವರಿಗೆ ದೇವಿಮನೆ ಘಟ್ಟದ ತಿರುವುಗಳನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅಲ್ಲಿ ಗಾಡಿಯನ್ನು ಹಿಡಿದಿಡುವುದು ಬ್ರೇಕಿಗಿಂತ ಹೆಚ್ಚಾಗಿ ಗೇರು. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆತಡೆದು ಇಳಿಸುತ್ತದೆ. ಆದರೆ ಹಳೇ ಬೈಕುಗಳಲ್ಲಿ ಮೂರರಿಂದ ಎರಡಕ್ಕೆ ಇಳಿಸಹೋದಾಗ ಗೇರು ಎರಡಕ್ಕೂ ಬೀಳದೆ, ಮೂರರಲ್ಲೂ ನಿಲ್ಲದೆ ನಡುವೆ ಸಿಕ್ಕಿಕೊಳ್ಳುವುದುಂಟು. ಆ ಕ್ಷಣಕ್ಕೆ ಇಂಜಿನ್ನಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಗಾಡಿ ಒಮ್ಮೆಲೇ ಹಗುರಾಗಿ ಓಡತೊಡಗುತ್ತದೆ. ಹಿಂದೆ ಒಂದು ಅಡಿಕೆ ಮೂಟೆ ಕಟ್ಟಿದ್ದರಂತೂ ಆ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ. ಅಣಶಿ ಘಟ್ಟದಲ್ಲಾಗಲಿ, ಅರಬೈಲಿನಲ್ಲಾಗಲಿ ಇದೇ ಕತೆ. ಆದ್ದರಿಂದ "ಗೇರ್ ಸ್ವಲ್ಪ ಲೂಸ್ ಆಗಿದೆ, ನಡೀತದೆ ಬಿಡಿ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇಂಥ ಗಾಡಿ ತಂದವರು ಗ್ಯಾರೇಜಿಗೆ ಕಾಲಿಡುತ್ತಲೇ ಕೇಳುವುದು ಒಂದೇ ಪ್ರಶ್ನೆ: "ಗೇರ್ ಬೀಳೂದೇ ಇಲ್ಲ ಮೇಸ್ತ್ರಿ, ಇಂಜಿನ್ ಬಿಚ್ಚೂದೇಯಾ?" ಅವರ ಹೆದರಿಕೆ ಸಹಜ. ಇಂಜಿನ್ ಬಿಚ್ಚಿದರೆ ದುಡ್ಡು ಹೋಗುತ್ತದೆ, ಗಾಡಿಯೂ ನಾಲ್ಕು ದಿನ ಕೈಗೆ ಸಿಗುವುದಿಲ್ಲ. ಗಾಡಿ ಇಲ್ಲದ ದಿನ ಮೀನು ಮಾರುವವನಿಗೆ ವ್ಯಾಪಾರವಿಲ್ಲ. ಆದರೆ ಎಷ್ಟೋ ಗಾಡಿಗಳಲ್ಲಿ ಗೇರ್ ಬಾಕ್ಸಿನ ಒಳಗೆ ಏನೂ ಆಗಿರುವುದಿಲ್ಲ. ನಮ್ಮ ಪಾದಕ್ಕೂ ಗೇರ್ ಬಾಕ್ಸಿಗೂ ನಡುವೆ ಇರುವ ಲಿವರ್, ರಾಡು, ತೂತಿನೊಳಗೆ ಕೂರುವ ಸಣ್ಣ ಕೊಳವೆಯಂಥ ಬುಷ್ಷು ಸವೆದಿರುತ್ತವೆ, ಅಷ್ಟೇ.

ಈ ಜೋಡಣೆ ಎಲ್ಲ ಗಾಡಿಯಲ್ಲೂ ಒಂದೇ ಥರ ಇಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, ಆಮೇಲೆ 1994ರಲ್ಲಿ ಬಂದ ಸ್ಪ್ಲೆಂಡರ್, ಇವುಗಳಲ್ಲಿ ಹಿಮ್ಮಡಿಯಿಂದಲೂ ಬೆರಳಿನಿಂದಲೂ ಒತ್ತುವ ಉದ್ದ ಲಿವರ್ ಇಂಜಿನ್ನಿನಿಂದ ಹೊರಬಂದ ಗೇರ್ ಶಾಫ್ಟಿನ ಮೇಲೇ ಕೂತಿರುತ್ತದೆ. ಶಾಫ್ಟಿನ ತುದಿಯಲ್ಲಿ ಸಣ್ಣ ಹಲ್ಲು, ಲಿವರಿನ ಒಳಗೆ ಅದಕ್ಕೆ ಹೊಂದುವ ಹಲ್ಲು, ಬಿಗಿಯಲು ಒಂದು ಬೋಲ್ಟು. ನಮ್ಮ ಮೈಸೂರಿನಲ್ಲೇ ತಯಾರಾದ ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ ಹೌದು. ಆ ಗಾಡಿಯ ಸೊಗಸೇ ಬೇರೆ, ಅದರ ಮಾತು ಇನ್ನೊಂದು ದಿನಕ್ಕಿರಲಿ. ಕಾಲಿಡುವ ಪೆಗ್ಗು ಹಿಂದಕ್ಕಿರುವ, ಸ್ಪೋರ್ಟ್ಸ್ ಮಾದರಿಯ ಗಾಡಿಗಳಲ್ಲಿ ಲಿವರ್ ಪೆಗ್ಗಿನ ಹತ್ತಿರ ಒಂದು ಪಿನ್ನಿನ ಮೇಲೆ ತಿರುಗುತ್ತದೆ. ಅಲ್ಲಿಂದ ಒಂದು ರಾಡು ಹೊರಟು ಶಾಫ್ಟಿನ ಮೇಲಿನ ಚಿಕ್ಕ ತೋಳನ್ನು ಎಳೆಯುತ್ತದೆ, ತಳ್ಳುತ್ತದೆ. ರಾಡಿನ ಎರಡೂ ತುದಿಗೆ ಬಾಲ್ ಜಾಯಿಂಟು, ಅಂದರೆ ಗುಂಡಿನ ಮೇಲೆ ಹೊರಳುವ ಕೀಲು. ಹಾಗಾದರೆ ಸವೆಯುವ ಜಾಗ ನಾಲ್ಕು: ಪಿನ್ನಿನ ಬುಷ್ಷು, ಎರಡು ಬಾಲ್ ಜಾಯಿಂಟು, ಶಾಫ್ಟಿನ ಹಲ್ಲು.

ಒಂದೊಂದು ಜಾಗದಲ್ಲಿ ಅರ್ಧ ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಬಂದಿದೆ ಅಂದುಕೊಳ್ಳಿ. ಬೇರೆ ಬೇರೆಯಾಗಿ ಮುಟ್ಟಿ ನೋಡಿದರೆ ಯಾವುದೂ ದೊಡ್ಡದೆನಿಸುವುದಿಲ್ಲ. ನಾಲ್ಕೂ ಕೂಡಿದರೆ ರಾಡಿನ ಹತ್ತಿರ ಎರಡು ಮಿಲಿಮೀಟರ್ ಆಯಿತು. ಪಿನ್ನಿನಿಂದ ರಾಡು ಕಟ್ಟಿದ ಜಾಗಕ್ಕೆ ನಾಲ್ಕು ಸೆಂಟಿಮೀಟರ್, ಕಾಲಿಡುವ ತುದಿಗೆ ಹನ್ನೆರಡು ಸೆಂಟಿಮೀಟರ್ ಇದ್ದರೆ, ಅದು ಕಾಲಿನ ಬಳಿ ಮೂರು ಪಟ್ಟು, ಅಂದರೆ ಆರು ಮಿಲಿಮೀಟರ್. ಅಷ್ಟು ದೂರ ನಮ್ಮ ಕಾಲು ಸುಮ್ಮನೆ ಓಡುತ್ತದೆ. ಗೇರ್ ಬಾಕ್ಸಿಗೆ ಅಷ್ಟು ಕಡಿಮೆ ತಲುಪುತ್ತದೆ.

ಒಳಗೆ ಗೇರ್ ಶಾಫ್ಟು ತಿರುಗಿದಾಗ ಉರುಳೆಯಂಥ ಒಂದು ಡ್ರಮ್ (ಬ್ರೇಕಿನದಲ್ಲ) ಒಂದು ಮೆಟ್ಟಿಲು ಸುತ್ತುತ್ತದೆ. ಡ್ರಮ್ಮಿನ ಮೇಲೆ ಕೊರೆದ ತೋಡಿನಲ್ಲಿ ಕೂತ, ಕವಲಿನಂಥ ಫೋರ್ಕುಗಳು ಗೇರುಗಳನ್ನು ಪಕ್ಕಕ್ಕೆ ಸರಿಸುತ್ತವೆ. ಗೇರಿನ ಬದಿಯಲ್ಲಿ ದಪ್ಪ ಗೂಟಗಳಿವೆ, ಡಾಗ್ ಅನ್ನುತ್ತೇವೆ. ಅವು ಪಕ್ಕದ ಗೇರಿನ ಗುಳಿಯೊಳಗೆ ಪೂರ್ತಿ ಇಳಿದರೆ ಗೇರ್ ಬಿತ್ತು ಎಂದರ್ಥ. ಡ್ರಮ್ಮು ಪೂರ್ತಿ ಸುತ್ತದಿದ್ದರೆ ಡಾಗು ಅಂಚಿನಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಥ್ರಾಟಲ್ ಕೊಟ್ಟ ಕೂಡಲೇ ಕಟ್ ಎಂದು ಹಾರುತ್ತದೆ. ಹಾರಿದಷ್ಟು ಸಲ ಅದರ ಮೂಲೆ ಮೊಂಡಾಗುತ್ತದೆ. ಹೊರಗಿನ ಬುಷ್ಷನ್ನು ಉಪೇಕ್ಷಿಸಿ ವರ್ಷಗಟ್ಟಲೆ ಓಡಿಸಿದರೆ ಕೊನೆಗೆ ನಿಜವಾಗಿಯೂ ಇಂಜಿನ್ ಬಿಚ್ಚಬೇಕಾಗಿ ಬರುವುದು ಹೀಗೆ.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಮೊದಲು ಕ್ಲಚ್ ನೋಡಿ. ಹ್ಯಾಂಡಲ್ ಲಿವರಿನ ತುದಿಯಲ್ಲಿ ಹತ್ತರಿಂದ ಹದಿನೈದು ಮಿಲಿಮೀಟರ್ ಸಡಿಲವಿರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಬೈಗುಳ ಗೇರಿಗೆ ಬೀಳುತ್ತದೆ. ಕ್ಲಚ್ ಸರಿಯಿದೆ ಎಂದಾದರೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ರಾಡು ಇರುವ ಗಾಡಿಯಾದರೆ ಒಂದು ಕೈಯಿಂದ ಶಾಫ್ಟಿನ ಮೇಲಿನ ಚಿಕ್ಕ ತೋಳನ್ನು ಗಟ್ಟಿ ಹಿಡಿದು, ಇನ್ನೊಂದು ಕೈಯಿಂದ ಲಿವರಿನ ತುದಿಯನ್ನು ಮೇಲೆ ಕೆಳಗೆ ಆಡಿಸಿ. ತೋಳು ಕದಲದೆ ತುದಿ ಎಷ್ಟು ಓಡುತ್ತದೋ ಅಷ್ಟೂ ಸವಕಳಿ. ಆಮೇಲೆ ರಾಡು ಕಳಚಿ, ತೋಳನ್ನು ನೇರವಾಗಿ ಕೈಯಿಂದಲೇ ಒತ್ತಿ ಗೇರ್ ಹಾಕಿ ನೋಡಿ. ಒಂದು ಮಾತು ನೆನಪಿರಲಿ: ಇಂಜಿನ್ ಬಂದ್ ಇದ್ದಾಗ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ ಗೇರ್ ಹಾಕಬೇಕು. ನಿಂತ ಗೇರುಗಳ ಡಾಗು ಗುಳಿಗೆ ಎದುರಾಗಿ ಬರದಿದ್ದರೆ ಒಳ್ಳೆಯ ಗೇರ್ ಬಾಕ್ಸಿನಲ್ಲೂ ಗೇರ್ ಬೀಳುವುದಿಲ್ಲ. ಚಕ್ರ ತಿರುಗಿಸುತ್ತ ಒಂದೊಂದೇ ಗೇರು ಸ್ಪಷ್ಟವಾಗಿ ಬಿದ್ದರೆ ಒಳಗಿನದು ಬಹುಮಟ್ಟಿಗೆ ಕ್ಷೇಮ. ಲಿವರ್ ಒತ್ತಿದ್ದು ಒತ್ತಿದಲ್ಲೇ ಉಳಿದು ವಾಪಸ್ ಬರದಿದ್ದರೆ ಒಳಗಿನ ರಿಟರ್ನ್ ಸ್ಪ್ರಿಂಗ್ ಮುರಿದಿರಬಹುದು. ಆದರೆ ಪಿನ್ನು ತುಕ್ಕು ಹಿಡಿದು ಬಿಗಿಯಾಗಿದ್ದರೂ ಹಾಗೇ ಆಗುತ್ತದೆ. ರಾಡು ಕಳಚಿ ನೋಡಿದರೆ ಇದೂ ಗೊತ್ತಾಗುತ್ತದೆ.

ಲಿವರ್ ಅಥವಾ ತೋಳು ಬಿಚ್ಚುವಾಗ ಬೋಲ್ಟನ್ನು ಪೂರ್ತಿ ಹೊರತೆಗೆಯಬೇಕು. ಶಾಫ್ಟಿನ ಸುತ್ತ ಒಂದು ತೋಡು ಇರುತ್ತದೆ, ಬೋಲ್ಟು ಅದರೊಳಗೆ ಹಾದುಹೋಗಿರುತ್ತದೆ. ಬೋಲ್ಟನ್ನು ಬರೀ ಸಡಿಲಿಸಿ ಸುತ್ತಿಗೆಯಿಂದ ಹೊಡೆದರೆ ಹಲ್ಲೂ ಹೋಗುತ್ತದೆ, ಎಣ್ಣೆ ಸೋರದಂತೆ ತಡೆಯುವ ಶಾಫ್ಟಿನ ಆಯಿಲ್ ಸೀಲೂ ಹೋಗುತ್ತದೆ. ಬಿಚ್ಚುವ ಮೊದಲು ಶಾಫ್ಟಿಗೂ ತೋಳಿಗೂ ಸೇರಿಸಿ ಒಂದು ಗೀಟು ಹಾಕಿಕೊಳ್ಳಿ. ಹಲ್ಲಿನ ವಿಷಯದಲ್ಲಿ ಒಂದು ಸಮಾಧಾನವಿದೆ: ಶಾಫ್ಟಿನ ಉಕ್ಕು ಗಟ್ಟಿ, ಲಿವರಿನದು ಅದಕ್ಕಿಂತ ಮೆತ್ತಗೆ. ಸಾಮಾನ್ಯವಾಗಿ ಮೊದಲು ಸವೆಯುವುದು ಲಿವರೇ, ಮತ್ತು ಲಿವರ್ ಬದಲಿಸುವುದು ಸುಲಭ.

ಪಿನ್ನು ಮತ್ತು ಬುಷ್ಷಿನ ಕೆಲಸಕ್ಕೆ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ, ಬೇಕು. ನಮ್ಮ ಕರಾವಳಿಯಲ್ಲಿ ದೋಣಿ ಇಂಜಿನ್ನುಗಳ ಕೆಲಸ ಮಾಡುವ ಒಳ್ಳೇ ಟರ್ನರುಗಳಿದ್ದಾರೆ, ಅದು ನಮ್ಮ ಪುಣ್ಯ. ಲಿವರ್ ಕಳಚದಂತೆ ಪಿನ್ನಿಗೆ ಹಾಕಿದ ಬಳೆ, ಅಂದರೆ ಸರ್ಕ್ಲಿಪ್, ತೆಗೆದು ಲಿವರ್ ಹೊರಗೆಳೆದರೆ ಪಿನ್ನಿನ ಮೇಲೆ ಕೆಂಪು ಮಣ್ಣು ಮತ್ತು ಹಳೇ ಗ್ರೀಸ್ ಕಲೆತ ಒಂದು ರಾಡಿ ಇರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿ, ಸಣ್ಣ ಹರಳು ಕೈಗೆ ಹತ್ತುತ್ತದೆ. ಮಳೆಗಾಲದ ನಾಲ್ಕು ತಿಂಗಳು ರಸ್ತೆಯಿಂದ ಎರಚಿದ ಮಣ್ಣು ಅಲ್ಲಿ ಅರದಂತೆ ಕೆಲಸ ಮಾಡಿದೆ. ಒರೆಸಿ ವರ್ನಿಯರ್ ಹಿಡಿದರೆ ಪಿನ್ನು ಸುತ್ತಲೂ ಒಂದೇ ಅಳತೆಗೆ ಬರುವುದಿಲ್ಲ. ಕಾಲಿನ ಒತ್ತು ಬೀಳುವ ಬದಿಗೆ ಚಪ್ಪಟೆಯಾಗಿರುತ್ತದೆ. ಲಿವರಿನ ತೂತೂ ಮೊಟ್ಟೆಯಾಕಾರ. ಅಂಥ ತೂತಿಗೆ ಹೊಸ ಬುಷ್ಷನ್ನು ಹಾಗೇ ಬಡಿದು ಕೂರಿಸಿದರೆ ಪ್ರಯೋಜನವಿಲ್ಲ. ತೂತನ್ನು ಮೊದಲು ದುಂಡಗೆ ಬೋರ್ ಮಾಡಿಸಬೇಕು, ಅದಕ್ಕೆ ಬಿಗಿಯಾಗುವಂತೆ ತಾಮ್ರದ ಮಿಶ್ರಲೋಹವಾದ ಗನ್‌ಮೆಟಲ್ ಬುಷ್ ತಿರುವಿಸಬೇಕು, ವೈಸಿನಲ್ಲಿ ಮೆಲ್ಲಗೆ ಒತ್ತಿ ಕೂರಿಸಬೇಕು. ಒತ್ತಿದಾಗ ಬುಷ್ಷಿನ ಒಳಗಿನ ತೂತು ತುಸು ಕಿರಿದಾಗುತ್ತದೆ. ಆದ್ದರಿಂದ ರೀಮರ್ ಹಾಕಿ ತೂತನ್ನು ಅಳತೆಗೆ ತರುವುದು ಕೂರಿಸಿದ ಮೇಲೆ, ಮೊದಲಲ್ಲ. ಪಿನ್ನನ್ನೂ ಸರಿಪಡಿಸಿ ಅದಕ್ಕೆ ಹೊಂದಿಸಿ ರೀಮ್ ಮಾಡಿದರೆ ಲಿವರ್ ತನ್ನ ಭಾರಕ್ಕೇ ನಿಧಾನವಾಗಿ ಇಳಿಯುತ್ತದೆ, ಆದರೆ ಅಕ್ಕಪಕ್ಕ ಅಲ್ಲಾಡುವುದಿಲ್ಲ. ಆ ಹದ ಸಿಕ್ಕಾಗ ನನಗೆ ಆಗುವ ಖುಷಿ ಹೇಳಲಾರೆ.

ಕೆಲವರು ನೈಲಾನ್ ಬುಷ್ ಕೇಳುತ್ತಾರೆ. ನಮ್ಮ ಕಡೆಗೆ ನಾನು ಬೇಡ ಎನ್ನುತ್ತೇನೆ. ನೈಲಾನ್ ನೀರು ಹೀರಿ ಉಬ್ಬುತ್ತದೆ. ಏಪ್ರಿಲಿನಲ್ಲಿ ಸಲೀಸಾಗಿದ್ದದ್ದು ಜುಲೈಯಲ್ಲಿ ಬಿಗಿಯುತ್ತದೆ. ಗನ್‌ಮೆಟಲ್ಲಿಗೆ ಆ ಕಾಟವಿಲ್ಲ. ಗ್ರೀಸ್ ಮಾತ್ರ ನೀರಿಗೆ ಜಗ್ಗದಂಥದ್ದು ಇರಲಿ, ದೋಣಿಯವರಿಗೆ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದಿದ್ದರೆ ಹೊಸದು ಹಾಕಿ. ಉಪ್ಪುಗಾಳಿಯಲ್ಲಿ ಟೊಪ್ಪಿ ಇಲ್ಲದ ಜಾಯಿಂಟು ಬಹಳ ದಿನ ಬಾಳುವುದಿಲ್ಲ.

ರಾಡು ಹೊಂದಿಸುವಾಗ ಎಚ್ಚರ. ಬಹಳಷ್ಟು ರಾಡುಗಳಲ್ಲಿ ಒಂದು ತುದಿಗೆ ಬಲ ಥ್ರೆಡ್ಡು, ಇನ್ನೊಂದಕ್ಕೆ ಉಲ್ಟಾ ಬಿಚ್ಚುವ ಎಡ ಥ್ರೆಡ್ಡು. ಎರಡೂ ನಟ್ಟನ್ನು ಒಂದೇ ದಿಕ್ಕಿಗೆ ಬಿಚ್ಚಲು ಹೋಗಿ ಥ್ರೆಡ್ ಹಾರಿಸಿದ ರಾಡುಗಳು ಎಷ್ಟೋ ಬರುತ್ತವೆ. ಲಾಕ್ ನಟ್ ಸಡಿಲಿಸಿ ರಾಡನ್ನಷ್ಟೇ ತಿರುಗಿಸಿದರೆ ಅದು ಉದ್ದವಾಗುತ್ತದೆ ಇಲ್ಲವೇ ಗಿಡ್ಡವಾಗುತ್ತದೆ, ಲಿವರ್ ನಿಮ್ಮ ಕಾಲಿನ ಎತ್ತರಕ್ಕೆ ಬರುತ್ತದೆ. ಕಾಲು ಮುಟ್ಟದೆ ನಿಂತಾಗ ರಾಡಿಗೂ ತೋಳಿಗೂ ನಡುವಿನ ಕೋನ 90 ಡಿಗ್ರಿ ಇರಲಿ. ಹಾಗಿಲ್ಲದಿದ್ದರೆ ಗೇರ್ ಏರಿಸುವಾಗ ಒಂದು ಅಳತೆ, ಇಳಿಸುವಾಗ ಇನ್ನೊಂದು. ಕೋನ ತಪ್ಪಿದ್ದರೆ ರಾಡು ತಿರುಗಿಸುತ್ತ ಕೂರಬೇಡಿ, ತೋಳನ್ನು ಶಾಫ್ಟಿನಲ್ಲಿ ಒಂದು ಹಲ್ಲು ಆಚೀಚೆ ಹಾಕಿ ನೋಡಿ.

ಇನ್ನು ವೆಲ್ಡಿಂಗ್. ಲಿವರನ್ನು ಶಾಫ್ಟಿಗೇ ವೆಲ್ಡ್ ಹೊಡೆಸಿದರೆ ಆ ದಿನದ ಮಟ್ಟಿಗೆ ಗೇರ್ ಬೀಳುತ್ತದೆ, ನಿಜ. ಆದರೆ ಆ ಬಿಸಿಗೆ ಪಕ್ಕದ ಆಯಿಲ್ ಸೀಲ್ ಸುಟ್ಟು ಎಣ್ಣೆ ಸೋರುತ್ತದೆ. ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಗೇರ್ ಶಾಫ್ಟನ್ನು ಹೊರತೆಗೆಯುವುದು ಕ್ಲಚ್ ಇರುವ ಬಲಗಡೆಯಿಂದ. ಎಡಗಡೆ ಲಿವರ್ ಬೆಸೆದುಹೋಗಿದ್ದರೆ ಕೊಯ್ಯದೆ ಅದು ಬರುವುದೇ ಇಲ್ಲ. ಮುಂದೆ ಬಿಚ್ಚುವವನ ದಾರಿಯನ್ನೇ ಮುಚ್ಚುವ ಕೆಲಸ ಅದು. ದಾರಿ ನಡುವೆ ಕೈಕೊಟ್ಟರೆ ಹಲ್ಲಿನ ನಡುವೆ ತೆಳು ತಗಡಿನ ಪಟ್ಟಿ ಇಟ್ಟು ಬಿಗಿದು ಮನೆ ಸೇರಿ. ಹಲ್ಲು ಇನ್ನೂ ಇದ್ದು, ಬೋಲ್ಟು ಬಿಗಿದಂತೆ ಕೂಡಿಕೊಳ್ಳುವ ಲಿವರಿನ ಸೀಳು ಪೂರ್ತಿ ಮುಚ್ಚಿ ಬೋಲ್ಟು ಬಿಗಿಯದಿದ್ದರೆ, ಆ ಸೀಳನ್ನು ಗರಗಸದ ಬ್ಲೇಡಿನಿಂದ ಒಂದು ಗೆರೆ ಅಗಲಿಸಿ. ಬೋಲ್ಟು ಮತ್ತೆ ಹಿಡಿಯುತ್ತದೆ. ಬಿದ್ದು ಬಾಗಿದ ಲಿವರನ್ನು ಗಾಡಿಯ ಮೇಲೇ ಬಡಿದು ನೇರ ಮಾಡಬೇಡಿ, ಶಾಫ್ಟೇ ಬಾಗೀತು. ಕಳಚಿ ವೈಸಿಗೆ ಕಟ್ಟಿ ಮಾಡಿ.

ಎಲ್ಲ ಜೋಡಿಸಿ ನಾಲ್ಕು ದಿನ ಓಡಿಸಿದ ಮೇಲೆ ಲಿವರಿನ ಬೋಲ್ಟನ್ನು ಇನ್ನೊಮ್ಮೆ ಬಿಗಿಯಿರಿ. ಹೊಸ ಹಲ್ಲು ಕೂತ ಮೇಲೆ ಅದು ತುಸು ಸಡಿಲುವುದುಂಟು. ಗಾಡಿ ತೊಳೆಯುವಾಗ ನೀರಿನ ಗನ್ನನ್ನು ಪಿನ್ನಿಗೆ ನೇರವಾಗಿ ಹಿಡಿಯಬೇಡಿ, ಒಳಗಿನ ಗ್ರೀಸೆಲ್ಲ ಹೊರಬರುತ್ತದೆ. ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಒಮ್ಮೆ ಗ್ರೀಸ್ ಹಾಕಿ. ಆಯುಧ ಪೂಜೆಗೆ ಹೇಗೂ ಎಲ್ಲರೂ ಗಾಡಿ ತೊಳೆಯುತ್ತೇವೆ; ಹೂವು ಹಾಕುವ ಮೊದಲು ಆ ಸರ್ಕ್ಲಿಪ್ ತೆಗೆದು, ಪಿನ್ನು ಒರೆಸಿ, ಇನ್ನೊಮ್ಮೆ ಗ್ರೀಸ್ ಹಚ್ಚಿಬಿಡಿ.

ನಮಸ್ಕಾರ.