ಬಸುರಿಯರ ವಿಮಾನ ಪ್ರಯಾಣ: ತಿಂಗಳಲ್ಲ, ವಾರ ಎಣಿಸಿ

ಕೇಳುಗರಿಗೆ ನಮಸ್ಕಾರ. ಪುಣೆಯಿಂದಲೋ ದೆಹಲಿಯಿಂದಲೋ ಸೀಮಂತಕ್ಕೆಂದು ಹಾಸನಕ್ಕೆ ಬಂದು, ಮತ್ತೆ ವಿಮಾನ ಹತ್ತುವ ಹೆಣ್ಣುಮಕ್ಕಳು ಈಗ ಬಹಳ. ಎಷ್ಟು ತಿಂಗಳಮ್ಮ ಅಂದರೆ "ಏಳರಲ್ಲಿ" ಅನ್ನುತ್ತಾರೆ. ಮನೆಗೆ ಈ ಲೆಕ್ಕ ಸಾಕು, ವಿಮಾನ ಸಂಸ್ಥೆಗೆ ಸಾಲದು. ಅಲ್ಲಿ ಎಣಿಸುವುದು ವಾರ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ. ಏಳನೇ ತಿಂಗಳೆಂದರೆ 26 ವಾರವೂ ಆದೀತು, 30 ವಾರವೂ ಆದೀತು. ನಿಯಮ ಬದಲಾಗುವುದು ಸಾಮಾನ್ಯವಾಗಿ ನಡುವಿನ 28ಕ್ಕೇ. ಅಲ್ಲಿಂದಾಚೆ ವೈದ್ಯರ ಪತ್ರ ಬೇಕು. ಹೊಟ್ಟೆಯಲ್ಲಿ ಒಂದೇ ಮಗುವಿದ್ದರೆ ಹೆಚ್ಚೆಂದರೆ 36 ವಾರದವರೆಗೆ, ಅವಳಿಯಾದರೆ 32ರವರೆಗೆ ಹತ್ತಿಸಿಕೊಳ್ಳುತ್ತಾರೆ. ಸಂಸ್ಥೆಗೊಂದು ಕಟ್ಟಳೆ ಇರುವುದರಿಂದ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಬರುವ ದಿನದ ವಾರ ನೋಡಿ, ಮರಳುವ ದಿನದ್ದನ್ನು ಮರೆಯುವವರೇ ನಿಲ್ದಾಣದಲ್ಲಿ ಕಣ್ಣೀರು ಹಾಕುವುದು.

ಪತ್ರದಲ್ಲಿ ಹೆರಿಗೆಯ ಅಂದಾಜು ದಿನಾಂಕ, ಎಷ್ಟು ವಾರ, ಮಗು ಒಂದೋ ಎರಡೋ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬ ಮಾತು, ಸಹಿ, ಮೊಹರು ಇರಬೇಕು. ಹೊರಡುವ ಕೆಲವೇ ದಿನ ಮೊದಲು ಬರೆಸಿ, ಹಳೆಯದು ನಡೆಯುವುದಿಲ್ಲ. ತಾಯಿ ಕಾರ್ಡ್ ಕೈಚೀಲದಲ್ಲೇ ಇರಲಿ.

ಹಾರುವಾಗ ವಿಮಾನದೊಳಗಿನ ಗಾಳಿ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳು. ನಮ್ಮ ಮುಳ್ಳಯ್ಯನಗಿರಿ 6,330 ಅಡಿ. ಆರೋಗ್ಯವಾಗಿರುವ ಬಸುರಿಗೆ ಇದರಿಂದ ತೊಂದರೆಯಿಲ್ಲ. ಆದರೆ ರಕ್ತಹೀನತೆ ತೀವ್ರವಾಗಿ, ಹಿಮೋಗ್ಲೋಬಿನ್ 7.5ಕ್ಕಿಂತ ಇಳಿದವರಿಗೆ ಆಮ್ಲಜನಕ ಸಾಲದೆ ಹೋಗಬಹುದು, ಅವರು ಹೊರಡಲೇಬಾರದು. ರಕ್ತ ಕಾಣಿಸಿಕೊಂಡವರು, ಬಿಪಿ ಏರಿದವರು ಕೂಡ ವೈದ್ಯರು ಒಪ್ಪುವ ತನಕ ನಿಲ್ಲಿ. ಮೇಲೆ ಹೋದಂತೆ ಹೊಟ್ಟೆಯ ವಾಯುವೂ ಹಿಗ್ಗುತ್ತದೆ. ಎಷ್ಟೇ ಆಸೆಯಿದ್ದರೂ ಹಿಂದಿನ ರಾತ್ರಿ ಅವರೆಕಾಳು ಸಾರು ಬೇಡ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕಾಲಿನ ಬಗ್ಗೆ. ಬಸುರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕಾಲು ಇಳಿಬಿಟ್ಟು ಕೂತಷ್ಟೂ ಅಪಾಯ. ಹಾಸನದಿಂದ ದೇವನಹಳ್ಳಿಗೆ ಕಾರಿನಲ್ಲೇ ಸುಮಾರು 4 ಗಂಟೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಚನ್ನರಾಯಪಟ್ಟಣದಲ್ಲೊಮ್ಮೆ, ಯಡಿಯೂರಿನಲ್ಲೊಮ್ಮೆ ಇಳಿದು ಐದು ನಿಮಿಷ ಓಡಾಡಿ. ವಿಮಾನದಲ್ಲಿ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ. ಹಿಮ್ಮಡಿ ಊರಿ ಬೆರಳೆತ್ತಿ, ಬೆರಳೂರಿ ಹಿಮ್ಮಡಿ ಎತ್ತಿ, ಅರ್ಧ ಗಂಟೆಗೊಮ್ಮೆ ಹತ್ತು ಸಲ ಮಾಡಿ. ಬೆಲ್ಟ್ ಹೊಟ್ಟೆಯ ಮೇಲಲ್ಲ, ಕೆಳಗೆ, ತೊಡೆಯ ಬುಡಕ್ಕೆ ಬಿಗಿಯಲಿ. ಮತ್ತೆ ಮತ್ತೆ ಏಳಬೇಕಲ್ಲ ಎಂದು ನೀರು ಕುಡಿಯದೆ ಕೂರಬೇಡಿ. ಏಳುವುದೂ ಒಳ್ಳೆಯದೇ.

ಊರು ಸೇರಿದ ಮೇಲೆ ಎರಡೂ ಪಾದ ಸ್ವಲ್ಪ ಊದಿದ್ದರೆ ಕಾಲು ಎತ್ತರಕ್ಕಿಟ್ಟು ಮಲಗಿ, ಇಳಿಯುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅತ್ತೆಯಾಗಲಿ ಅಮ್ಮನಾಗಲಿ ಎಣ್ಣೆ ಹಚ್ಚಿ ನೀವಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.