ಕಮ್ಮಾರ ಜೋ ಲಂಡನ್ನಿಗೆ ಬಂದಾಗ

ಕೇಳುಗರಿಗೆ ನಮಸ್ಕಾರ.

ಇವತ್ತು ಚಾರ್ಲ್ಸ್ ಡಿಕನ್ಸ್ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಬಗ್ಗೆ ಮಾತಾಡುತ್ತೇನೆ. ನಿಮ್ಮಲ್ಲಿ ಕೆಲವರು ಇದನ್ನು ಪರೀಕ್ಷೆಗಾಗಿ ಓದಿರುತ್ತೀರಿ. ಕೆಲವರು ಎಂದೋ ಓದಿ ಅರ್ಧ ಮರೆತಿರುತ್ತೀರಿ. ಹೆಸರೇ ಕೇಳಿಲ್ಲ ಅನ್ನುವವರೂ ಇದ್ದೀರಿ. ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು. ಈ ಪುಸ್ತಕ ಓದುವಾಗ ಜೋ ಎಂಬ ಕಮ್ಮಾರನ ಮೇಲೆ ಕಣ್ಣಿಡಿ.

ಈ ಕಾದಂಬರಿ ಅಂದ ಕೂಡಲೇ ಎಲ್ಲರೂ ಮಿಸ್ ಹ್ಯಾವಿಶಮ್ ಬಗ್ಗೆಯೇ ಕೇಳುತ್ತಾರೆ. ಮದುವೆಯ ದಿನವೇ ಮದುಮಗ ಕೈಕೊಟ್ಟ. ಅವಳು ಮನೆಯ ಗಡಿಯಾರಗಳನ್ನೆಲ್ಲ 8 ಗಂಟೆ 40 ನಿಮಿಷಕ್ಕೆ ನಿಲ್ಲಿಸಿದಳು. ಅದೇ ಮದುವೆ ಬಟ್ಟೆಯಲ್ಲಿ ಮುದುಕಿಯಾದಳು. ಪಾತ್ರ ಅದ್ಭುತ, ಒಪ್ಪುತ್ತೇನೆ. ಆದರೆ ಅವಳನ್ನೇ ನೋಡುತ್ತಾ ಕೂತರೆ ಕಾದಂಬರಿ ಕೈತಪ್ಪುತ್ತದೆ. ಇದು ಒಬ್ಬ ಹುಡುಗ ತನ್ನವರ ಬಗ್ಗೆಯೇ ನಾಚಿಕೊಂಡ ಕತೆ.

ಹುಡುಗನ ಹೆಸರು ಪಿಪ್. ಇಂಗ್ಲೆಂಡಿನ ಕೆಂಟ್ ಸೀಮೆಯ ಜೌಗು ಬಯಲಿನಲ್ಲಿ ಅವನ ಹಳ್ಳಿ. ಅಪ್ಪ ಅಮ್ಮ ಇಲ್ಲ. ಸಿಡುಕಿನ ಅಕ್ಕ ಸಾಕುತ್ತಾಳೆ. ಅವಳ ಗಂಡ ಜೋ ಗಾರ್ಜರಿ, ಊರಿನ ಕಮ್ಮಾರ. ಅಕ್ಕ ಬೆತ್ತ ಹಿಡಿದು ಬಂದರೆ ಈ ಭಾವ ಹುಡುಗನನ್ನು ಒಲೆಯ ಮೂಲೆಗೆ ಸರಿಸಿ, ತನ್ನ ದೊಡ್ಡ ಕಾಲನ್ನು ಸುಮ್ನೆ ಅಡ್ಡ ಇಡುತ್ತಾನೆ.

ಜೋ ಎಂಥವನು ಅಂತ ಡಿಕನ್ಸ್ ಶುರುವಿನಲ್ಲೇ ತೋರಿಸಿಬಿಡುತ್ತಾನೆ. ಜೈಲು ಹಡಗಿನಿಂದ ತಪ್ಪಿಸಿಕೊಂಡ ಕೈದಿ ಮ್ಯಾಗ್ವಿಚ್ ಸ್ಮಶಾನದಲ್ಲಿ ಪಿಪ್‌ನನ್ನು ಹಿಡಿದು ಹೆದರಿಸುತ್ತಾನೆ. ಹುಡುಗ ಮನೆಯಿಂದ ಊಟವನ್ನೂ ಬೇಡಿ ಕತ್ತರಿಸಲು ಅರವನ್ನೂ ಕದ್ದು ಕೊಡುತ್ತಾನೆ. ಊಟ ಕೊಟ್ಟ ದಿನವೇ ಕೈದಿ ಸಿಕ್ಕಿಬೀಳುತ್ತಾನೆ. ಹುಡುಗನನ್ನು ಉಳಿಸಲು, ಕಮ್ಮಾರನ ಮನೆಯಿಂದ ಊಟ ಕದ್ದದ್ದು ನಾನೇ ಅನ್ನುತ್ತಾನೆ. ಆಗ ಜೋ ಏನು ಹೇಳುತ್ತಾನೆ ಗೊತ್ತಾ? ‘ತಿಂದರೆ ತಿಂದೆ ಬಿಡಪ್ಪ. ನೀನು ಏನು ಮಾಡಿದ್ದೀಯೋ ನಮಗೆ ಗೊತ್ತಿಲ್ಲ. ಅದಕ್ಕೆ ನೀನು ಹಸಿದು ಸಾಯಲಿ ಅಂತ ನಾವು ಬಯಸೋಲ್ಲ’ ಎಂಬ ಅರ್ಥದ ಮಾತು. ಸಂಕೋಲೆಯಲ್ಲಿರುವ ಕಳ್ಳನ ಜೊತೆ ಆಡಿದ ಮಾತು ಇದು.

ಆಮೇಲೆ ಪಿಪ್ ಹ್ಯಾವಿಶಮ್ ಮನೆಗೆ ಹೋಗುತ್ತಾನೆ. ಅಲ್ಲಿ ಎಸ್ಟೆಲ್ಲಾ ಎಂಬ ಚೆಲುವೆ ಅವನ ಒರಟು ಕೈಯನ್ನೂ ದಪ್ಪ ಬೂಟನ್ನೂ ಆಡಿಕೊಳ್ಳುತ್ತಾಳೆ. ಅಷ್ಟೇ ಸಾಕಾಯಿತು. ತನ್ನ ಮನೆ, ಕುಲುಮೆ, ಭಾವ, ಎಲ್ಲವೂ ಹುಡುಗನಿಗೆ ಕೀಳಾಗಿ ಕಾಣಲು ಶುರುವಾಯಿತು. ಮುಂದೆ ಜಾಗರ್ಸ್ ಎಂಬ ವಕೀಲ ಬಂದು, ಯಾರೋ ಗುಟ್ಟಾಗಿ ನಿನಗೆ ಆಸ್ತಿ ಬಿಡುತ್ತಿದ್ದಾರೆ, ಲಂಡನ್ನಿಗೆ ಹೊರಡು ಅನ್ನುತ್ತಾನೆ. ಕೆಲಸಕ್ಕಿದ್ದ ಹುಡುಗನನ್ನು ಕಳೆದುಕೊಳ್ಳುವುದಕ್ಕೆ ಪರಿಹಾರ ಕೊಡಲೇ ಅಂತ ಜೋನನ್ನು ಕೇಳುತ್ತಾನೆ. ಮಗು ಹೋಗುವುದಕ್ಕೆ ದುಡ್ಡು ಪರಿಹಾರವಾ ಎಂದು ಜೋ ಕಣ್ಣೀರಿಡುತ್ತಾನೆ.

ಈಗ ನನಗೆ ತುಂಬ ಇಷ್ಟದ ಭಾಗಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಪಿಪ್ ಲಂಡನ್ನಿನಲ್ಲಿ ದೊಡ್ಡ ಮನುಷ್ಯನಾಗಿದ್ದಾನೆ. ಸಮವಸ್ತ್ರ ತೊಟ್ಟ ಆಳು ಹುಡುಗ ಬೇರೆ. ಊರಿನ ಗೆಳತಿ ಬಿಡ್ಡಿಯಿಂದ ಕಾಗದ ಬರುತ್ತದೆ: ಜೋ ನಾಳೆ ನಿನ್ನನ್ನು ನೋಡಲು ಬರುತ್ತಾನೆ. ಪಿಪ್‌ಗೆ ಖುಷಿಯಾಗುವುದಿಲ್ಲ. ದುಡ್ಡು ಕೊಟ್ಟು ಜೋನನ್ನು ತಡೆಯುವ ಹಾಗಿದ್ದರೆ ಖಂಡಿತ ಕೊಟ್ಟುಬಿಡುತ್ತಿದ್ದೆ, ಅಂತ ಅವನೇ ಬಾಯಿಬಿಟ್ಟು ಹೇಳುತ್ತಾನೆ. ಎಂಥ ಮಾತು ನೋಡಿ!

ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಜೋನೇ ಅಂತ ಪಿಪ್‌ಗೆ ಗೊತ್ತಾಗುತ್ತದೆ. ವಿಶೇಷ ದಿನಗಳಿಗೆಂದು ಇಟ್ಟುಕೊಂಡ ಆ ಬೂಟು ಯಾವಾಗಲೂ ಅವನ ಕಾಲಿಗೆ ದೊಡ್ಡದು. ಒಂದೊಂದು ಮಹಡಿಯಲ್ಲೂ ನಿಂತು ಬಾಗಿಲ ಮೇಲಿನ ಹೆಸರು ಓದುತ್ತಾ ಬರುತ್ತಿದ್ದಾನೆ. ಕೊನೆಗೆ ಪಿಪ್‌ನ ಬಾಗಿಲ ಹೊರಗೆ ನಿಂತು, ಬಣ್ಣದಲ್ಲಿ ಬರೆದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾನೆ. ಆ ಬೆರಳಿನ ಸದ್ದು ಒಳಗೆ ಕೇಳಿಸುತ್ತದೆ. ಪುಟ್ಟ ಪಿಪ್ ಒಂದು ಕಾಲದಲ್ಲಿ ಒಲೆಯ ಪಕ್ಕ ಕೂತು ಸ್ಲೇಟಿನ ಮೇಲೆ ಬರೆದು ತೋರಿಸಿದಾಗ, ಇದೇ ಜೋ ತನ್ನ ಹೆಸರಿನ ಎರಡಕ್ಷರ ಮಾತ್ರ ಗುರುತು ಹಿಡಿದಿದ್ದ. ಅದನ್ನು ನೆನಪಿಟ್ಟುಕೊಂಡು ಈ ಸಾಲು ಓದಿ.

ಒಳಗೆ ಬಂದವನು ಪಿಪ್‌ನ ಎರಡೂ ಕೈ ಹಿಡಿದು ಕುಲುಕುತ್ತಾನೆ. ಆದರೆ ಮಾತಿನಲ್ಲಿ ಒಮ್ಮೆ ಪಿಪ್ ಅನ್ನುತ್ತಾನೆ, ಮತ್ತೊಮ್ಮೆ ಸರ್ ಅನ್ನುತ್ತಾನೆ. ತನ್ನ ಟೋಪಿಯನ್ನು ಯಾರ ಕೈಗೂ ಕೊಡದೆ, ಕೊನೆಗೆ ಅಗ್ಗಿಷ್ಟಿಕೆಯ ಮೇಲಿನ ಹಲಗೆಯ ತುದಿಯಲ್ಲಿ ಇಡುತ್ತಾನೆ. ಅದು ಬೀಳುತ್ತದೆ. ಎದ್ದು ಹಿಡಿಯುತ್ತಾನೆ. ಮತ್ತೆ ಇಡುತ್ತಾನೆ. ಮತ್ತೆ ಬೀಳುತ್ತದೆ. ವಿಕೆಟ್ ಕೀಪರ್‌ಗೆ ಬೇಕಾದಷ್ಟೇ ಚುರುಕು ಕಣ್ಣು ಕೈ ಇದಕ್ಕೂ ಬೇಕಾಯಿತು ಅನ್ನುತ್ತಾನೆ ಡಿಕನ್ಸ್. ಇಲ್ಲಿ ಓದುಗರು ನಗುತ್ತಾರೆ. ಪಿಪ್‌ಗೆ ಮಾತ್ರ ಮೈಯೆಲ್ಲ ಉರಿ.

ಜೊತೆಗಿದ್ದ ಗೆಳೆಯ ಹರ್ಬರ್ಟ್ ಕೆಲಸಕ್ಕೆ ಹೊರಟ ಮೇಲೆ, ಜೋ ತಾನು ತಂದ ಸುದ್ದಿ ಹೇಳುತ್ತಾನೆ: ಎಸ್ಟೆಲ್ಲಾ ಊರಿಗೆ ಬಂದಿದ್ದಾಳೆ. ಆಮೇಲೆ ಎದ್ದು ನಿಲ್ಲುತ್ತಾನೆ. ಈಗ ಸರ್ ಇಲ್ಲ. ಬದುಕು ಅಂದರೆ ಎಷ್ಟೋ ಅಗಲಿಕೆಗಳನ್ನು ಒಟ್ಟಿಗೆ ಬೆಸೆದದ್ದು, ಒಬ್ಬ ಕಮ್ಮಾರ, ಒಬ್ಬ ಅಕ್ಕಸಾಲಿಗ, ಬೇರೆಬೇರೆಯಾಗಲೇಬೇಕು ಅನ್ನುತ್ತಾನೆ. ಈ ಬಟ್ಟೆಯಲ್ಲಿ ನಾನು ಸರಿಯಾಗಿ ಕಾಣೋಲ್ಲ. ಯಾವಾಗಾದರೂ ನೋಡಬೇಕು ಅನ್ನಿಸಿದರೆ ಕುಲುಮೆಯ ಕಿಟಕಿಯಲ್ಲಿ ಇಣುಕು, ಸುತ್ತಿಗೆ ಹಿಡಿದ ಜೋನನ್ನು ನೋಡು ಅನ್ನುತ್ತಾನೆ. ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಾನೆ. ಪಿಪ್ ಎಚ್ಚೆತ್ತು ಬೀದಿಗೆ ಓಡುವಷ್ಟರಲ್ಲಿ ಅವನಿಲ್ಲ.

ಮರುದಿನವೇ ಪಿಪ್ ಊರಿಗೆ ಹೋಗುತ್ತಾನೆ. ಹೊರಡುವಾಗ ಜೋನ ಮನೆಯಲ್ಲೇ ಇಳಿಯಬೇಕು ಅಂದುಕೊಂಡವನು, ತನಗೆ ತಾನೇ ನೆಪ ಹೇಳಿಕೊಂಡು ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾನೆ. ಊರು ಬಿಟ್ಟು ಪಟ್ಟಣದ ಹಾಸ್ಟೆಲಿನಲ್ಲಿರುವ ಹುಡುಗ ಹುಡುಗಿಯರಿಗೆ ಈ ಜಾಗವನ್ನು ನಾನು ವಿವರಿಸಬೇಕಾಗಿಲ್ಲ, ಅಲ್ವಾ?

ಕತೆ ಹೇಳುತ್ತಿರುವವನು ಬೆಳೆದು ದೊಡ್ಡವನಾದ ಪಿಪ್. ಆ ದಿನ ನಾನು ಸಲೀಸಾಗಿದ್ದರೆ ಜೋ ಕೂಡ ಸಲೀಸಾಗಿರುತ್ತಿದ್ದ, ತಪ್ಪು ನನ್ನದೇ ಅಂತ ಒಪ್ಪುತ್ತಾನೆ. ಹುಡುಗ ಬೆಳೆದ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಅದೇ ಸಾಲು. ದುಡ್ಡು ಬಂದದ್ದಲ್ಲ, ಪ್ರೀತಿ ಮಾಡಿದ್ದಲ್ಲ.

ಡಿಕನ್ಸ್‌ಗೆ ಈ ನಾಚಿಕೆ ಗೊತ್ತಿತ್ತು. 1824ರಲ್ಲಿ ಅವನಿಗೆ 12 ವರ್ಷ. ಅಪ್ಪ ಸಾಲ ತೀರಿಸಲಾಗದೆ ಮಾರ್ಷಲ್ಸೀ ಜೈಲಿಗೆ ಹೋದ. ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ. ಹೆಸರು ದುಡ್ಡು ಎಲ್ಲ ಬಂದ ಮೇಲೂ ಅದನ್ನು ಬಚ್ಚಿಟ್ಟಿದ್ದ. ಓದುಗರಿಗೆ ಗೊತ್ತಾದದ್ದು 1870ರಲ್ಲಿ ಅವನು ತೀರಿಕೊಂಡ ಮೇಲೆ, ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ. ಈ ಕಾದಂಬರಿ 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಅವನದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು.

ಸಮಯ ಕಡಿಮೆ ಇದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ದುಡ್ಡು ಕೊಟ್ಟವಳು ಪಿಪ್ ಅಂದುಕೊಂಡ ಹಾಗೆ ಹ್ಯಾವಿಶಮ್ ಅಲ್ಲ, ಆ ಕೈದಿ ಮ್ಯಾಗ್ವಿಚ್. ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ ಅಲ್ಲಿ ದುಡಿದು ಕಳಿಸಿದ್ದು. ವಾಪಸ್ ಬಂದರೆ ಮರಣದಂಡನೆ ಅಂತ ಗೊತ್ತಿದ್ದೂ ಹುಡುಗನನ್ನು ನೋಡಲು ಬರುತ್ತಾನೆ. ಪಿಪ್‌ಗೆ ಮೊದಲು ಅಸಹ್ಯ, ಆಮೇಲೆ ಪ್ರೀತಿ. ಮ್ಯಾಗ್ವಿಚ್‌ನ ಕೈ ಹಿಡಿದು ಕೂರುವುದನ್ನು ಕಲಿತ ಮೇಲೆಯೇ ಅವನು ಜೋನ ಮುಖ ನೋಡುವ ಹಾಗಾಗುವುದು. ಎಲ್ಲ ದಾರಿಯೂ ಜೋನ ಹತ್ತಿರವೇ ಬರುತ್ತದೆ.

ಕೊನೆಯಲ್ಲಿ ಎಸ್ಟೆಲ್ಲಾ ಸಿಕ್ಕಳೋ ಇಲ್ಲವೋ ಅಂತ ಎಲ್ಲರೂ ಜಗಳ ಆಡುತ್ತಾರೆ. ಡಿಕನ್ಸ್ ಮೊದಲು ಇಬ್ಬರನ್ನೂ ಬೇರೆಯಾಗಿಯೇ ಬಿಟ್ಟಿದ್ದ. ಬುಲ್ವರ್ ಲಿಟ್ಟನ್ ಎಂಬ ಕಾದಂಬರಿಕಾರ ಗೆಳೆಯನ ಮಾತು ಕೇಳಿ ಅಂತ್ಯ ಬದಲಿಸಿದ. ಅದಕ್ಕೂ ಮೊದಲು ಪಿಪ್ ಜ್ವರದಲ್ಲಿ ಬಿದ್ದಾಗ ಜೋ ಬಂದು ಆರೈಕೆ ಮಾಡಿದ್ದನ್ನು, ಅವನ ಸಾಲ ತೀರಿಸಿ ಹೇಳದೆ ಹೊರಟುಹೋದದ್ದನ್ನು ಯಾರೂ ಚರ್ಚೆ ಮಾಡುವುದಿಲ್ಲ. ನನಗೆ ಅದೇ ಬೇಸರ.

ದಯವಿಟ್ಟು ಪೂರ್ತಿ ಪುಸ್ತಕ ಓದಿ, ಸಂಕ್ಷಿಪ್ತ ಆವೃತ್ತಿ ಬೇಡ. ಅಷ್ಟು ಓದಲು ಆಗುವುದೇ ಇಲ್ಲ ಅಂದರೆ, 27ನೇ ಅಧ್ಯಾಯ ತೆಗೆದು ಮನೆಯವರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ. ಅದು ಹಿಡಿಸಿದರೆ 57ನೆಯದನ್ನೂ ಓದಿ. ನಮಸ್ಕಾರ.