ಅಮೆರಿಕದಲ್ಲಿ ಕಾಲೇಜು ಬದಲಿಸುವವರು ಕೇಳಬೇಕಾದ ಪ್ರಶ್ನೆಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕಕ್ಕೆ ಪದವಿ ಓದಲು ಹೋದ ಮಕ್ಕಳು ಕೆಲವೇ ತಿಂಗಳಲ್ಲಿ ಮನೆಗೆ ಫೋನು ಮಾಡಿ, "ಪಾಠವೇನೋ ಚೆನ್ನಾಗಿದೆ, ಆದರೆ ಇಲ್ಲಿ ಇರೋಕೇ ಆಗ್ತಿಲ್ಲ" ಎನ್ನುವುದುಂಟು. ಹೆತ್ತವರಿಗೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ಗಾಬರಿ ಬೇಡ. ಆ ದೇಶದಲ್ಲಿ ಓದಿನ ನಡುವೆ ಕಾಲೇಜು ಬದಲಿಸುವುದು ಮಾಮೂಲಿ ಸಂಗತಿ. ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆಂದೇ ಬೇರೆ ಅರ್ಜಿ, ಬೇರೆ ಗಡುವು ಇವೆ. ಆದರೆ ಮೊದಲ ಸಲ ರ‍್ಯಾಂಕು ಮತ್ತು ಹೆಸರು ನೋಡಿ ಆರಿಸಿದವರು ಎರಡನೆಯ ಸಲವೂ ಅದನ್ನೇ ನೋಡಿದರೆ, ಹೊಸ ಊರಿನಲ್ಲಿ ಹಳೆಯ ಬೇಸರವೇ ಕಾದಿರುತ್ತದೆ. ಈ ಸಲ ಆರಿಸಬೇಕಾದದ್ದು ದಿನನಿತ್ಯದ ಬದುಕನ್ನು. ಅದನ್ನು ದೂರದಿಂದಲೇ ಅಳೆಯಲು ಸಾಧ್ಯವಿದೆ.

ಮೊದಲು ಬೇಸರವನ್ನು ಬಿಡಿಸಿ ನೋಡಬೇಕು. ಎರಡು ವಾರ, ಮನಸ್ಸು ಕುಗ್ಗಿದ ಹೊತ್ತು ಮತ್ತು ಜಾಗವನ್ನು ಬರೆದಿಡಿ. ಶುಕ್ರವಾರ ಸಂಜೆ ಕ್ಯಾಂಪಸ್ ಖಾಲಿಯಾದಾಗಲೋ? ಇನ್ನೂರು ಜನರ ತರಗತಿಯಲ್ಲಿ ಕೂತಾಗಲೋ? ರೂಮಿಗೆ ಮರಳುವಾಗಲೋ? ಕೊನೆಯದಾದರೆ ಅದು ರೂಮ್‌ಮೇಟ್ ಸಮಸ್ಯೆ, ವಸತಿ ಕಚೇರಿಯಲ್ಲಿ ಕೋಣೆ ಬದಲಿಸಿಕೊಂಡರೆ ಮುಗಿಯಬಹುದು. ಎಲ್ಲಿದ್ದರೂ, ಯಾರೊಂದಿಗಿದ್ದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದಾದರೆ ಮೊದಲು ಕ್ಯಾಂಪಸ್ಸಿನ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗಿ. ಅಂಥ ನೋವು ಕಾಲೇಜು ಬದಲಿಸಿದರೆ ವಾಸಿಯಾಗುವುದಿಲ್ಲ, ಅದು ಜೊತೆಯಲ್ಲೇ ಬರುತ್ತದೆ. ಉಳಿದ ಕಾರಣಗಳನ್ನು ಮೂರು ನಾಲ್ಕು ಸಾಲಿಗೆ ಇಳಿಸಿ. ಹುಡುಕಾಟಕ್ಕೆ ಆ ಚೀಟಿಯೇ ಆಧಾರ.

ಇನ್ನು ಅಳೆಯುವ ಬಗೆ. ಪೆನ್ನು ಹತ್ತಿರವಿದ್ದರೆ ಒಂದು ಹೆಸರು ಬರೆದುಕೊಳ್ಳಿ: ಕಾಮನ್ ಡೇಟಾ ಸೆಟ್. ಅಮೆರಿಕದ ಬಹಳಷ್ಟು ಕಾಲೇಜುಗಳು ಪ್ರತಿವರ್ಷ ಒಂದೇ ನಮೂನೆಯಲ್ಲಿ ತುಂಬಿ ತಮ್ಮ ಜಾಲತಾಣದಲ್ಲಿ ಹಾಕುವ ಮಾಹಿತಿಪಟ್ಟಿ ಇದು. ಎ ಇಂದ ಜೆ ವರೆಗೆ ಹತ್ತು ಭಾಗಗಳಿರುತ್ತವೆ. ಕಾಲೇಜಿನ ಬಣ್ಣಬಣ್ಣದ ಕಿರುಹೊತ್ತಿಗೆ ಹೇಳದ್ದನ್ನು ಇದರ ಅಂಕಿಗಳು ಹೇಳುತ್ತವೆ.

ನಮಗೆ ಮುಖ್ಯವಾದದ್ದು ಎಫ್ ಭಾಗ, ವಿದ್ಯಾರ್ಥಿ ಜೀವನ. ಅಲ್ಲಿ ಎರಡು ಸಾಲು ಅಂಕಿಗಳಿರುತ್ತವೆ: ಮೊದಲ ವರ್ಷದವರದ್ದು ಒಂದು, ಪದವಿ ವಿದ್ಯಾರ್ಥಿಗಳೆಲ್ಲರದ್ದು ಇನ್ನೊಂದು. ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಇರುವವರ ಪ್ರಮಾಣವನ್ನು ಎರಡರಲ್ಲೂ ಹೋಲಿಸಿ. ಮೊದಲ ವರ್ಷದವರಲ್ಲಿ ನೂರಕ್ಕೆ 95, ಒಟ್ಟಾರೆ ನೂರಕ್ಕೆ 35 ಎಂದಿದೆ ಎಂದಿಟ್ಟುಕೊಳ್ಳಿ. ಹಾಗಾದರೆ ಎರಡನೇ ವರ್ಷದಿಂದ ಹೆಚ್ಚಿನವರು ಹೊರಗೆ ಬಾಡಿಗೆ ಮನೆಗಳಲ್ಲಿದ್ದಾರೆ. ಟ್ರಾನ್ಸ್‌ಫರ್ ವಿದ್ಯಾರ್ಥಿ ಕಾಲಿಡುವುದೇ ಎರಡನೇ ಅಥವಾ ಮೂರನೇ ವರ್ಷಕ್ಕೆ. ಮೊದಲ ವರ್ಷ ಒಂದೇ ಕಾರಿಡಾರಿನಲ್ಲಿ ಕಟ್ಟಿಕೊಂಡ ಗೆಳೆತನಗಳು ಅಷ್ಟರಲ್ಲಿ ಮನೆ ಮಾಡಿಕೊಂಡು ಹೊರಟಿರುತ್ತವೆ, ಹೊಸಬ ಒಬ್ಬಂಟಿಯಾಗುತ್ತಾನೆ. ಎರಡೂ ಅಂಕಿ ಕಡಿಮೆಯಿದ್ದರೆ ಅದು ದಿನಾ ಮನೆಯಿಂದ ಬಂದು ಹೋಗುವವರ ಕಾಲೇಜು, ಸಂಜೆಗೆ ಬಿಕೋ ಎನ್ನುತ್ತದೆ. ಹೊರರಾಜ್ಯದವರ ಪ್ರಮಾಣವೂ ಇದೇ ಭಾಗದಲ್ಲಿದೆ. ಅದು ತೀರಾ ಕಡಿಮೆಯಿದ್ದರೆ ವಾರಾಂತ್ಯಕ್ಕೆ ಎಷ್ಟು ಜನ ಊರಿಗೆ ಹೋಗುತ್ತಾರೆ ಎಂದು ಕೇಳಲೇಬೇಕು. ಫ್ರಟರ್ನಿಟಿ, ಸೊರಾರಿಟಿ, ಅಂದರೆ ಒಂದೇ ಮನೆಯಲ್ಲಿ ಸೇರುವ ಹುಡುಗರ, ಹುಡುಗಿಯರ ಸಂಘಗಳಿಗೆ ಸೇರುವವರ ಲೆಕ್ಕವೂ ಅಲ್ಲೇ ಇರುತ್ತದೆ. ನೂರಕ್ಕೆ ನಲವತ್ತು ಎಂದಿದ್ದರೆ ಶನಿವಾರದ ರಾತ್ರಿಗಳೆಲ್ಲ ಆ ಮನೆಗಳ ಸುತ್ತಲೇ ತಿರುಗುತ್ತವೆ. ಮೂರೋ ನಾಲ್ಕೋ ಇದ್ದರೆ ಅದನ್ನು ಮರೆತುಬಿಡಬಹುದು.

ತರಗತಿಯ ಗಾತ್ರ ಐ ಭಾಗದಲ್ಲಿದೆ. ಸರಾಸರಿಯನ್ನು ನಂಬಬೇಡಿ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ತರಗತಿಗಳೆಷ್ಟು, ನೂರು ದಾಟಿದವೆಷ್ಟು ಎಂಬ ಕೋಷ್ಟಕವೇ ಇರುತ್ತದೆ, ಅದನ್ನು ನೋಡಿ. ಡಿ ಭಾಗ ಪೂರ್ತಿ ಟ್ರಾನ್ಸ್‌ಫರ್‌ಗೆ ಮೀಸಲು: ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಮಂದಿಗೆ ಸೀಟು ಸಿಕ್ಕಿತು, ಎಷ್ಟು ಜನ ಸೇರಿದರು. ಸೇರಿದವರ ಸಂಖ್ಯೆಯನ್ನು ಮೊದಲ ವರ್ಷಕ್ಕೆ ಸೇರಿದವರ ಪಕ್ಕದಲ್ಲಿಟ್ಟು ನೋಡಿ. ಎರಡು ಸಾವಿರ ಹೊಸಬರ ಜೊತೆ ಆರು ನೂರು ಟ್ರಾನ್ಸ್‌ಫರ್ ವಿದ್ಯಾರ್ಥಿಗಳು ಬರುವಲ್ಲಿ, ನಡುವೆ ಬಂದವರಿಗೆ ಅವರದೇ ಆದ ಬಳಗ ಸಿಗುತ್ತದೆ. ಇಪ್ಪತ್ತೈದೇ ಜನ ಬರುವಲ್ಲಿ ಎಲ್ಲವನ್ನೂ ತಾವೇ ಹುಡುಕಿಕೊಳ್ಳಬೇಕು. ಕಾಲೇಜ್ ನ್ಯಾವಿಗೇಟರ್ ಎಂಬ ಸರ್ಕಾರಿ ಜಾಲತಾಣದಲ್ಲಿ, ಮೊದಲ ವರ್ಷಕ್ಕೆ ಸೇರಿದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ಅಲ್ಲೇ ಮರಳಿದರು ಎಂಬ ಅಂಕಿಯೂ ಸಿಗುತ್ತದೆ.

ಹೀಗೆ ಜರಡಿ ಹಿಡಿದರೆ ಐದಾರು ಕಾಲೇಜುಗಳು ಉಳಿಯುತ್ತವೆ. ಆಗ ವಸತಿ ಕಚೇರಿಗೆ ಇಮೇಲ್ ಬರೆದು, ಟ್ರಾನ್ಸ್‌ಫರ್ ಆಗಿ ಬರುವವರಿಗೆ ಹಾಸ್ಟೆಲ್ ಖಾತರಿಯೇ, ಎಷ್ಟು ಸೆಮಿಸ್ಟರ್ ಖಾತರಿ, ಅವರನ್ನು ಒಂದೇ ಕಡೆ ಇಡುತ್ತೀರಾ ಎಂದು ಕೇಳಿ, ಲಿಖಿತ ಉತ್ತರ ಪಡೆಯಿರಿ. ಕ್ಯಾಂಪಸ್ ಬದುಕು ಹಿಡಿಸಲಿಲ್ಲ ಎಂದು ಹೊರಟವರು ಕ್ಯಾಂಪಸ್ಸಿನಲ್ಲಿ ಜಾಗವೇ ಇಲ್ಲದ ಕಾಲೇಜಿಗೆ ಸೇರಿಬಿಡುವುದು ಈ ದಾರಿಯಲ್ಲಿ ಆಗುವ ಅತಿ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಹೋಗಿ ನೋಡುವುದಾದರೆ ಪ್ರವೇಶ ಕಚೇರಿಯ ವಿಶೇಷ ದಿನಗಳಲ್ಲಿ ಬೇಡ. ಗುರುವಾರ ಹೋಗಿ, ಸಾಧ್ಯವಾದರೆ ಭಾನುವಾರದವರೆಗೆ ಇರಿ. ಊಟದ ಹಾಲ್‌ನಲ್ಲಿ ಒಬ್ಬರೇ ಕೂತು ತಿನ್ನುವವರೆಷ್ಟು ನೋಡಿ. ಶನಿವಾರ ಸಂಜೆ ಗ್ರಂಥಾಲಯದ ಮುಂದೆ ನಿಂತು ನೋಡಿ. "ಇಲ್ಲಿ ಖುಷಿಯಾಗಿದ್ದೀರಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. "ಕಳೆದ ಶನಿವಾರ ಏನು ಮಾಡಿದಿರಿ?" ಎಂದು ಕೇಳಿ, ಆಗ ನಿಜ ಹೊರಬರುತ್ತದೆ. ಹೋಗಲಾಗದವರು ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಬಹುದು.

ಈಗ ಕ್ರೆಡಿಟ್, ಅಂದರೆ ಮುಗಿಸಿದ ಪ್ರತಿ ಕೋರ್ಸಿಗೂ ಪದವಿಯ ಲೆಕ್ಕಕ್ಕೆ ಜಮೆಯಾಗುವ ಘಟಕಗಳ ವಿಚಾರ. ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್ ಬೇಕು. ಹೊರಗಿನಿಂದ ತಂದದ್ದನ್ನು ಅನೇಕ ಕಾಲೇಜುಗಳು ಸುಮಾರು 60ರವರೆಗೆ ಮಾತ್ರ ಒಪ್ಪುತ್ತವೆ, ಅದೂ ಸಿ ದರ್ಜೆ ಅಥವಾ ಅದಕ್ಕಿಂತ ಮೇಲಿದ್ದರೆ. ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯಲ್ಲಿ ಓದಿದವರ 45 ಕ್ರೆಡಿಟ್, ಸೆಮಿಸ್ಟರ್ ಪದ್ಧತಿಯಲ್ಲಿ 30 ಆಗುತ್ತದೆ. ಕ್ರೆಡಿಟ್ ದಾಟಿಬಂದರೂ ಜಿಪಿಎ, ಅಂದರೆ ದರ್ಜೆಗಳ ಸರಾಸರಿ, ಸಾಮಾನ್ಯವಾಗಿ ಬರುವುದಿಲ್ಲ, ಹೊಸ ಕಾಲೇಜಿನಲ್ಲಿ ಹೊಸದಾಗಿ ಶುರು. ಹೆಚ್ಚಿನವರು ಎಡವುವುದು ಇಲ್ಲಿ: "ನಿಮ್ಮ 30 ಕ್ರೆಡಿಟ್ ಒಪ್ಪಿದ್ದೇವೆ" ಎಂದಾಕ್ಷಣ ನೆಮ್ಮದಿಪಡುತ್ತಾರೆ. ಅವು ಮುಖ್ಯ ವಿಷಯಕ್ಕೆ ಜಮೆಯಾದವೋ, ಬರೀ ಐಚ್ಛಿಕವೆಂದು ಪಕ್ಕಕ್ಕೆ ಹೋದವೋ ಎಂದು ಕೇಳುವುದಿಲ್ಲ. ಎಂಜಿನಿಯರಿಂಗ್‌ನಂಥ ಕಡೆ ಒಂದು ಗಣಿತದ ಕೋರ್ಸ್ ಹೊಂದಲಿಲ್ಲವೆಂದರೆ ಅದರ ಮೇಲೆ ನಿಂತ ಮುಂದಿನ ಕೋರ್ಸ್‌ಗಳೆಲ್ಲ ಹಿಂದೆ ಬಿದ್ದು ಒಂದು ವರ್ಷ ಹೆಚ್ಚಾಗಬಹುದು. ಆದ್ದರಿಂದ ಪ್ರತಿ ಕೋರ್ಸಿನ ಸಿಲಬಸ್, ಪಠ್ಯದ ಹೆಸರು, ವಾರವಾರದ ಪಾಠಪಟ್ಟಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹಳೆಯ ಕಾಲೇಜಿನ ಖಾತೆ ಮುಚ್ಚಿದ ಮೇಲೆ ಅವನ್ನು ತೆಗೆಯುವುದು ಕಷ್ಟ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಮೊದಲ ವರ್ಷಕ್ಕೆ ಕೊಡುವ ಪ್ರತಿಭಾ ವಿದ್ಯಾರ್ಥಿವೇತನಗಳು ಎಷ್ಟೋ ಕಡೆ ಟ್ರಾನ್ಸ್‌ಫರ್‌ನವರಿಗೆ ಇಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ಕಾಲೇಜು ಸಹಾಯ ಕೊಡುತ್ತದೆಯೇ ಎಂಬುದು ಅದೇ ಮಾಹಿತಿಪಟ್ಟಿಯ ಎಚ್ ಭಾಗದಲ್ಲಿದೆ.

ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಅನೇಕ ಖಾಸಗಿ ಕಾಲೇಜುಗಳ ಗಡುವು ಮಾರ್ಚ್ ತಿಂಗಳಲ್ಲಿ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೆ ಹಿಂದಿನ ವರ್ಷದ ನವೆಂಬರ್ ಕೊನೆಯ ಹೊತ್ತಿಗೇ ಅರ್ಜಿ ತೆಗೆದುಕೊಂಡು ಮುಗಿಸುತ್ತದೆ, ಅದೂ ಮುಖ್ಯವಾಗಿ 60 ಸೆಮಿಸ್ಟರ್ ಕ್ರೆಡಿಟ್ ಮುಗಿಸಿ ಮೂರನೇ ವರ್ಷಕ್ಕೆ ಬರುವವರಿಂದ. ಮೊದಲ ವರ್ಷದಲ್ಲೇ ಅರ್ಜಿ ಹಾಕುವವರ ಕೈಯಲ್ಲಿ ಒಂದೇ ಸೆಮಿಸ್ಟರಿನ ಅಂಕವಿರುವುದರಿಂದ ಹೈಸ್ಕೂಲಿನ ಅಂಕಗಳೂ ಲೆಕ್ಕಕ್ಕೆ ಬರುತ್ತವೆ. ಬೇಸರದಲ್ಲಿ ತರಗತಿ ತಪ್ಪಿಸಿದರೆ ದಾರಿಯೇ ಮುಚ್ಚೀತು. ಅರ್ಜಿಯ ಪ್ರಬಂಧದಲ್ಲಿ ಈಗಿನ ಕಾಲೇಜನ್ನು ಬೈಯದೆ, ನಿಮ್ಮ ಚೀಟಿಯ ಸಾಲುಗಳಿಗೆ ಹೊಸ ಕಾಲೇಜಿನಲ್ಲಿ ಯಾವ ಉತ್ತರ ಕಂಡಿರಿ ಎಂದು ಬರೆಯಿರಿ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಒಂದು ಮಾತನ್ನು ಗಮನವಿಟ್ಟು ಕೇಳಬೇಕು. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಹಾಗಾಗಿ ಅರ್ಜಿ ಹಾಕುವ ಮೊದಲೇ ಈಗಿನ ಕಾಲೇಜಿನ ವಿದೇಶಿ ವಿದ್ಯಾರ್ಥಿ ಅಧಿಕಾರಿಯನ್ನು, ಅಂದರೆ ಡಿಎಸ್ಒ ಅವರನ್ನು, ಕಾಣಿ. ಅವರನ್ನು ಕೇಳದೆ ನಡುವೆ ಓದು ನಿಲ್ಲಿಸಬೇಡಿ, ವೀಸಾ ಸ್ಥಿತಿಗೇ ಕುತ್ತು ಬರುತ್ತದೆ. ಸೀಟು ಸಿಕ್ಕ ಮೇಲೆ ಅವರೇ ಸೆವಿಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿರುವ ನಿಮ್ಮ ವಿದೇಶಿ ವಿದ್ಯಾರ್ಥಿ ದಾಖಲೆಯನ್ನು ಹೊಸ ಕಾಲೇಜಿಗೆ ಬಿಟ್ಟುಕೊಡುವ ದಿನ ಗೊತ್ತುಮಾಡುತ್ತಾರೆ. ಆ ದಿನದವರೆಗೆ ವರ್ಗಾವಣೆಯನ್ನು ರದ್ದು ಮಾಡಿಸಬಹುದು, ದಾಟಿದ ಮೇಲೆ ದಾಖಲೆ ಹಳೆಯ ಕಾಲೇಜಿನ ಕೈಯಲ್ಲಿರುವುದಿಲ್ಲ. ಆದ್ದರಿಂದ ಹಾಸ್ಟೆಲ್ ಕೋಣೆ ಖಚಿತವಾಗಿ, ಕ್ರೆಡಿಟ್‌ಗಳ ಲಿಖಿತ ಲೆಕ್ಕ ಕೈಗೆ ಬರುವಷ್ಟು ಸಮಯ ಬಿಟ್ಟು ಆ ದಿನ ಇಡಿಸಿಕೊಳ್ಳಿ. ವಿದ್ಯಾರ್ಥಿ ವೀಸಾಕ್ಕೆ ಆಧಾರವಾದ ಐ-20 ಪತ್ರವನ್ನು ಹೊಸದಾಗಿ ಕೊಡುವುದು ಹೊಸ ಕಾಲೇಜು. ಅದರಲ್ಲಿ ನಮೂದಿಸಿದ ಆರಂಭದ ದಿನದಿಂದ 15 ದಿನಗಳೊಳಗೆ ಅಲ್ಲಿನ ಡಿಎಸ್ಒ ಮುಂದೆ ಹೆಸರು ದಾಖಲಿಸಿದರೆ ವರ್ಗಾವಣೆ ಪೂರ್ಣಗೊಳ್ಳುತ್ತದೆ.

ನಮಸ್ಕಾರ.